ಸಿನ್ಸಿನಾಟಿಯ ಬೆರಳು: ಮರಳಿ ಬೆಳೆದದ್ದೆಷ್ಟು, ಬೆಳೆಸಿದ್ದು ಯಾವುದು?

2005ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿ ನಗರದಲ್ಲಿ, ಮಾದರಿ ವಿಮಾನಗಳನ್ನು ಮಾರುವ ಅಂಗಡಿಯೊಂದರಲ್ಲಿದ್ದ ಅರವತ್ತು ದಾಟಿದ ವ್ಯಕ್ತಿಯೊಬ್ಬರು ಗಿರಾಕಿಗೆ ಎಂಜಿನ್ ತೋರಿಸುತ್ತಿದ್ದಾಗ, ತಿರುಗುತ್ತಿದ್ದ ಪ್ರೊಪೆಲರ್ ತಗುಲಿ ಅವರ ನಡುಬೆರಳಿನ ತುದಿ ಕತ್ತರಿಸಿಹೋಯಿತು. ಹೋದ ಭಾಗ ಸುಮಾರು ಒಂದು ಸೆಂಟಿಮೀಟರ್ ಎಂದು ಅಂದಿನ ವರದಿಗಳು ಹೇಳುತ್ತವೆ. ತುಂಡು ಮಾತ್ರ ಸಿಗಲಿಲ್ಲ. ಗಾಯದ ಮೇಲೆ ಚರ್ಮದ ಕಸಿ ಮಾಡಿಸಿಕೊಳ್ಳಲು ವೈದ್ಯರು ಸೂಚಿಸಿದರು. ಆದರೆ ಗಾಯಾಳುವಿನ ಸಹೋದರ ಸ್ವತಃ ಶಸ್ತ್ರವೈದ್ಯ, ಅಲ್ಲದೆ ಪ್ರಾಣಿಗಳ ಅಂಗಾಂಶದಿಂದ ಗಾಯದ ಔಷಧಿ ತಯಾರಿಸುವ ಎಸೆಲ್ ಎಂಬ ಕಂಪನಿಯ ಸ್ಥಾಪಕ. ಕಸಿ ಬೇಡವೆಂದ ಅವರು ಹಂದಿಯ ಮೂತ್ರಕೋಶದ ಒಳಪದರದಿಂದ ತಯಾರಾದ ಪುಡಿಯೊಂದನ್ನು ಕಳುಹಿಸಿಕೊಟ್ಟರು. ಗಾಯಾಳು ಅದನ್ನು ಕೆಲವು ದಿನಗಳ ಕಾಲ ದಿನ ಬಿಟ್ಟು ದಿನ ಗಾಯಕ್ಕೆ ಉದುರಿಸಿಕೊಂಡರು. ಸುಮಾರು ನಾಲ್ಕು ವಾರಗಳಲ್ಲಿ ಗಾಯ ಮುಚ್ಚಿತು. ಕೆಲವು ತಿಂಗಳಲ್ಲಿ ಉಗುರು, ಚರ್ಮ, ಸ್ಪರ್ಶಜ್ಞಾನ, ಬೆರಳಚ್ಚಿನ ಗೆರೆಗಳು ಎಲ್ಲವೂ ಇದ್ದ ಬೆರಳು ಅವರ ಕೈಯಲ್ಲಿತ್ತು.

ಈ ಪ್ರಕರಣ ಜಗತ್ತಿಗೆ ತಿಳಿದದ್ದು ವೈದ್ಯಕೀಯ ಪತ್ರಿಕೆಯ ಮೂಲಕವಲ್ಲ, ಸುದ್ದಿ ಮಾಧ್ಯಮಗಳ ಮೂಲಕ. 2007ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಕಾಣಿಸಿಕೊಂಡು, 2008ರ ಏಪ್ರಿಲ್ ಕೊನೆಯಲ್ಲಿ ಬಿಬಿಸಿ ವರದಿ ಮಾಡಿದ ಮೇಲೆ ಅದು ಎಲ್ಲೆಡೆ ಹರಡಿತು. ಪುಡಿಗೆ ಮಾಯಾಧೂಳಿ ಎಂಬರ್ಥದ ಅಡ್ಡಹೆಸರು ಅಂಟಿಕೊಂಡಿತು. ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಬೆರಳು ಕಳೆದುಕೊಂಡು ಮರಳಿದ ಕೆಲವು ಸೈನಿಕರ ಮೇಲೆ ಇದನ್ನು ಪರೀಕ್ಷಿಸುವ ಯೋಜನೆಯನ್ನು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿರುವ ಸೇನಾ ವೈದ್ಯಕೀಯ ಕೇಂದ್ರವೂ ಪ್ರಕಟಿಸಿತ್ತು. ಬೆರಳು ಬೆಳೆದ ಮೇಲೆ ಕೈ ಏಕಿಲ್ಲ, ಕಾಲು ಏಕಿಲ್ಲ ಎಂಬ ಮಾತು ಸಹಜವಾಗಿಯೇ ಎದ್ದಿತು. ಮನುಷ್ಯನಲ್ಲಿ ಅಂಗಗಳ ಮರುಬೆಳವಣಿಗೆ ಸಾಧ್ಯವೇ ಎಂಬ ಚರ್ಚೆಯಲ್ಲಿ ಈ ಬೆರಳು ಇಂದಿಗೂ ಸಾಕ್ಷಿಯಾಗಿ ಬಂದು ನಿಲ್ಲುತ್ತದೆ. ಆದ್ದರಿಂದ ಆ ಸಾಕ್ಷ್ಯ ಎಷ್ಟು ಗಟ್ಟಿಯೆಂದು ನೋಡುವುದು ಅಗತ್ಯ.

ಹೋದದ್ದು ಎಷ್ಟು?

ಬೆರಳು ತುಂಡಾಯಿತು ಎಂಬ ಮಾತು ವೈದ್ಯರಿಗೆ ಹೆಚ್ಚೇನನ್ನೂ ತಿಳಿಸುವುದಿಲ್ಲ. ಕತ್ತರಿಸಿದ ಗೆರೆ ಎಲ್ಲಿ ಹಾದುಹೋಗಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಬೆರಳಿನ ಕೊನೆಯ ಗೆಣ್ಣಿನೊಳಗೆ ಒಂದು ಪುಟ್ಟ ಮೂಳೆ, ಅದರ ಅಂಗೈ ಕಡೆಗೆ ಮೆತ್ತನೆಯ ಮಾಂಸಲ ಭಾಗ, ಹಿಂಬದಿಗೆ ಉಗುರು ಕೂರುವ ಹಾಸು, ಆ ಹಾಸಿನ ಬುಡದಲ್ಲಿ ಚರ್ಮದ ಮಡಿಕೆಯ ಅಡಿ ಉಗುರನ್ನು ಹುಟ್ಟಿಸುವ ಅಂಗಾಂಶ ಇರುತ್ತವೆ. ಕೈ ಶಸ್ತ್ರವೈದ್ಯರು ಸಾಮಾನ್ಯವಾಗಿ ಬಳಸುವ ಆಲೆನ್ ವರ್ಗೀಕರಣದಲ್ಲಿ ಬರೀ ಮಾಂಸಲ ತುದಿ ಹೋಗಿದ್ದರೆ ಅದು ಮೊದಲ ಹಂತ. ಉಗುರಿನ ಹಾಸಿನ ಒಂದು ಪಾಲೂ ಹೋಗಿದ್ದರೆ ಎರಡನೆಯದು. ಮೂಳೆಯೂ ಕತ್ತರಿಸಿದ್ದರೆ ಮೂರನೆಯದು. ಉಗುರಿನ ಬುಡದ ಬಿಳಿಯ ಅರ್ಧಚಂದ್ರದವರೆಗೆ ಹೋಗಿದ್ದರೆ ನಾಲ್ಕನೆಯದು. ಮೊದಲೆರಡು ಹಂತಗಳಿಗೂ ಕೊನೆಯದಕ್ಕೂ ಇರುವ ದೂರ ಅಳತೆಯಲ್ಲಿ ಒಂದು ಸೆಂಟಿಮೀಟರಿನ ಆಸುಪಾಸು ಅಷ್ಟೇ, ಪರಿಣಾಮದಲ್ಲಿ ಮಾತ್ರ ಅಜಗಜಾಂತರ.

ಸಿನ್ಸಿನಾಟಿಯ ಪ್ರಕರಣ ಎಡವುವುದು ಇಲ್ಲಿಯೇ. ಸುದ್ದಿಯಲ್ಲಿ ಕಂಡ ಛಾಯಾಚಿತ್ರಗಳನ್ನು ನೋಡಿದ ಇಂಗ್ಲೆಂಡಿನ ಲೀಡ್ಸ್‌ನ ಕೈ ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕ ಸೈಮನ್ ಕೇ, ಇದು ಸಾಮಾನ್ಯ ಬೆರಳತುದಿ ಗಾಯ, ಅದು ಮಾಯ್ದ ರೀತಿಯಲ್ಲಿಯೂ ವಿಶೇಷವೇನಿಲ್ಲ ಎಂದರು. ಬಿಬಿಸಿ ವರದಿಯ ಬೆನ್ನಿಗೇ, ವೈದ್ಯ ಮತ್ತು ಅಂಕಣಕಾರ ಬೆನ್ ಗೋಲ್ಡೇಕರ್ ಗಾರ್ಡಿಯನ್ ಪತ್ರಿಕೆಯಲ್ಲಿ ಇದೇ ಮಾತನ್ನು ವಿಸ್ತರಿಸಿ ಬರೆದರು. ಕೇ ಅಂಗಗಳ ವಿಚಾರದಲ್ಲಿ ಕೈಚೆಲ್ಲಿ ಕುಳಿತ ಸಂಶಯವಾದಿಯಲ್ಲ. 2012ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಮೊದಲ ಕೈ ಕಸಿ ಶಸ್ತ್ರಚಿಕಿತ್ಸೆಯ ನೇತೃತ್ವ ವಹಿಸಿದವರು ಅವರೇ.

ಅವರ ಆಕ್ಷೇಪದ ತಿರುಳನ್ನು ಹೀಗೆ ಹೇಳಬಹುದು. ಬೆರಳಿನ ತುದಿ ಹೋದಾಗ ಗಾಯದ ಅಂಚುಗಳು ವಾರಗಟ್ಟಲೆ ನಿಧಾನವಾಗಿ ಒಳಕ್ಕೆ ಎಳೆದುಕೊಳ್ಳುತ್ತವೆ. ಹೀಗೆ ಎಳೆದುಕೊಂಡು ಬರುವ ಸುತ್ತಲಿನ ಚರ್ಮ ತನ್ನ ಗೆರೆಗಳನ್ನೂ ನರತುದಿಗಳನ್ನೂ ಜೊತೆಗೇ ತರುತ್ತದೆ. ಆದ್ದರಿಂದ ಮಾಯ್ದ ತುದಿಯಲ್ಲಿ ಬೆರಳಚ್ಚಿನ ಗೆರೆಗಳು ಕಂಡವೆಂದರೆ ಅಲ್ಲಿ ಹೊಸ ಅಂಗವೊಂದು ಹುಟ್ಟಿದೆ ಎಂದು ಅರ್ಥವಾಗಬೇಕಿಲ್ಲ. ಉಗುರು ಹುಟ್ಟಿಸುವ ಬುಡ ಉಳಿದಿದ್ದರೆ ಉಗುರು ತಾನಾಗಿ ಬೆಳೆಯುತ್ತದೆ. ಉಳಿದ ಪ್ರಶ್ನೆ ಮೂಳೆಯದು. ಗಾಯವಾದ ದಿನದ್ದೊಂದು, ಮಾಯ್ದ ಮೇಲಿನದೊಂದು ಎಕ್ಸ್-ರೇ ಚಿತ್ರವನ್ನು ಪಕ್ಕಪಕ್ಕದಲ್ಲಿಟ್ಟು, ಮೂಳೆ ಇಷ್ಟು ಮಿಲಿಮೀಟರ್ ಹೋಗಿತ್ತು, ಇಷ್ಟು ಮರಳಿ ಬಂತು ಎಂದು ತೋರಿಸಿದ್ದರೆ ವಾದಕ್ಕೆ ನೆಲೆ ಇರುತ್ತಿತ್ತು. ಜನರ ಮುಂದೆ ಬಂದದ್ದು ಹೊರನೋಟದ ಚಿತ್ರಗಳು ಮತ್ತು ಗಾಯಾಳುವಿನ ಸಂತೋಷ. ಆ ಸಂತೋಷವನ್ನು ಅನುಮಾನಿಸುವ ಅಗತ್ಯ ನನಗೆ ಕಾಣುವುದಿಲ್ಲ. ಅವರ ಬೆರಳು ನಿಜಕ್ಕೂ ಚೆನ್ನಾಗಿ ಮಾಯ್ದಿತ್ತು.

ಪುಡಿಯಿಲ್ಲದೆ ಮಾಯ್ದ ಬೆರಳುಗಳು

ಪುಡಿ ಹಾಕದಿದ್ದರೆ ಏನಾಗುತ್ತಿತ್ತು ಎಂಬುದನ್ನು ಆ ಒಂದು ಬೆರಳಿನಿಂದ ತಿಳಿಯಲಾಗದು. ಆದರೆ ಪುಡಿ ಹಾಕದ ಬೆರಳುಗಳ ದಾಖಲೆ ವೈದ್ಯಕೀಯದಲ್ಲಿ ಅದಕ್ಕೂ ಮೂವತ್ತು ವರ್ಷ ಮೊದಲೇ ಇತ್ತು.

ಇಂಗ್ಲೆಂಡಿನ ಶೆಫೀಲ್ಡ್ ಮಕ್ಕಳ ಆಸ್ಪತ್ರೆಯಲ್ಲಿ ತುರ್ತು ವಿಭಾಗ ನೋಡಿಕೊಳ್ಳುತ್ತಿದ್ದ ವೈದ್ಯೆ ಸಿಂಥಿಯಾ ಇಲಿಂಗ್‌ವರ್ತ್ ಅವರ ಬಳಿಗೆ ಬಾಗಿಲಿನ ಸಂದಿಗೆ ಸಿಕ್ಕಿ ಬೆರಳತುದಿ ಕಳೆದುಕೊಂಡ ಮಕ್ಕಳು ಮೇಲಿಂದ ಮೇಲೆ ಬರುತ್ತಿದ್ದರು. ಇಂಥ ಗಾಯವನ್ನು ಶಸ್ತ್ರವೈದ್ಯರಿಗೆ ಒಪ್ಪಿಸಿ ಹೊಲಿಸುವುದು ಅಥವಾ ಚರ್ಮ ಕೂರಿಸುವುದು ಅಂದಿನ ರೂಢಿ. 1970ರ ದಶಕದ ಮೊದಲ ವರ್ಷಗಳಲ್ಲಿ ಒಂದು ಮಗುವನ್ನು ಹಾಗೆ ಕಳುಹಿಸುವುದು ತಪ್ಪಿಹೋಗಿ, ಬರೀ ಪಟ್ಟಿ ಕಟ್ಟಿದ್ದ ಬೆರಳು ಕೆಲವು ದಿನಗಳ ನಂತರ ತಾನಾಗಿ ತುದಿ ಕಟ್ಟಿಕೊಳ್ಳುತ್ತಿರುವುದು ಕಣ್ಣಿಗೆ ಬಿತ್ತು ಎಂಬ ಕಥೆ ಪ್ರಸಿದ್ಧವಾಗಿದೆ. ಬಳಿಕ ಅವರು ಬೇಕೆಂದೇ ಹೊಲಿಗೆ ಬಿಟ್ಟು, ಗಾಯವನ್ನು ಶುಚಿಯಾಗಿಟ್ಟು ಕಾಯತೊಡಗಿದರು. 1974ರಲ್ಲಿ ಮಕ್ಕಳ ಶಸ್ತ್ರಚಿಕಿತ್ಸಾ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅವರ ಲೇಖನ, ಕೊನೆಯ ಗೆಣ್ಣಿನ ಸಂದಿಯಿಂದಾಚೆಗೆ ಕತ್ತರಿಸಿದ ಮಕ್ಕಳ ಬೆರಳು ಆಕಾರ, ಉಗುರು, ಸ್ಪರ್ಶಜ್ಞಾನ ಎಲ್ಲದರೊಂದಿಗೆ ಮರಳಿ ಬರಬಲ್ಲದು ಎಂದು ತೋರಿಸಿತು. ಇದಕ್ಕೆ ಬೇಕಾದ ಸಮಯ ಸುಮಾರು ಮೂರು ತಿಂಗಳು. 1972ರಲ್ಲಿಯೇ ಆಸ್ಟ್ರೇಲಿಯಾದಿಂದಲೂ ಇಂಥದೇ ವರದಿ ಬಂದಿತ್ತು. ಹೊಲಿಗೆ ಹಾಕಿ ಚರ್ಮದಿಂದ ಮುಚ್ಚಿದ ಬೆರಳು ಹೀಗೆ ಬೆಳೆಯುವುದಿಲ್ಲ. ವೈದ್ಯರ ಕೈಚಳಕವೇ ಬೆಳವಣಿಗೆಗೆ ಅಡ್ಡಿಯಾಗಿತ್ತು ಎಂಬುದು ಈ ಅಧ್ಯಾಯದ ವ್ಯಂಗ್ಯ. 1980ರಲ್ಲಿ ಇಲಿಂಗ್‌ವರ್ತ್ ಮತ್ತು ಬಾರ್ಕರ್ ಇಂಥ ಬೆರಳುಗಳಿಂದ ಹೊರಹರಿಯುವ ಅತಿ ಸಣ್ಣ ವಿದ್ಯುತ್ ಪ್ರವಾಹವನ್ನು ಅಳೆದು ಪ್ರಕಟಿಸಿದರು. ಹೋದ ಕಾಲನ್ನು ಮರಳಿ ಬೆಳೆಸಿಕೊಳ್ಳುವ, ಹಲ್ಲಿಯಂತೆ ಕಾಣುವ ಉಭಯಚರಿ ಸಲಮಾಂಡರ್‌ನ ಕತ್ತರಿಸಿದ ಕಾಲಿನಲ್ಲಿಯೂ ಇಂಥ ಪ್ರವಾಹ ಕಂಡುಬರುವುದರಿಂದ ಅದಕ್ಕೆ ಮಹತ್ವ ಬಂದಿತ್ತು.

ಮಕ್ಕಳಿಗಾದರೆ ಸರಿ, ಅರವತ್ತು ದಾಟಿದವರಿಗೆ ಹೇಗೆ ಎಂದು ಕೇಳಬಹುದು. ವಯಸ್ಕರಲ್ಲಿ ಈ ಶಕ್ತಿ ಕುಗ್ಗುತ್ತದೆ, ಇಲ್ಲವಾಗುವುದಿಲ್ಲ. ಗಾಯವನ್ನು ಗಾಳಿಯಾಡದ ಅಥವಾ ಅರೆಗಾಳಿಯಾಡುವ ತೆಳುಪೊರೆಯ ಪಟ್ಟಿಯಿಂದ ಮುಚ್ಚಿ, ಒಳಗಿನ ದ್ರವ ಒಣಗದಂತೆ ಉಳಿಸಿ, ವಾರಕ್ಕೊಮ್ಮೆ ಮಾತ್ರ ಬದಲಾಯಿಸುವ ಕ್ರಮ ಇಂದು ಅನೇಕ ಕೈ ಶಸ್ತ್ರವೈದ್ಯರ ಮೊದಲ ಆಯ್ಕೆ. 1993ರಲ್ಲಿ ಮೆನ್ನೆನ್ ಮತ್ತು ವೀಸೆ ಎಂಬ ವೈದ್ಯರು ಈ ಕ್ರಮದಲ್ಲಿ ನೋಡಿಕೊಂಡ 200 ಬೆರಳತುದಿ ಗಾಯಗಳ ವರದಿಯನ್ನು ಪ್ರಕಟಿಸಿ, ಮೆತ್ತಗಿನ ಮಾಂಸಲ ತುದಿಯೂ ಒಳ್ಳೆಯ ಸ್ಪರ್ಶಜ್ಞಾನವೂ ಮರಳುವುದನ್ನು ತೋರಿಸಿದರು. ಪಟ್ಟಿ ಬಿಚ್ಚಿದಾಗ ಬರುವ ದುರ್ವಾಸನೆ ಮತ್ತು ಕೀವಿನಂತೆ ಕಾಣುವ ದ್ರವವನ್ನು ಕಂಡು ರೋಗಿ ಹೆದರುವುದುಂಟು. ಬಹುಪಾಲು ಅದು ಸೋಂಕಲ್ಲ.

ಇದನ್ನೆಲ್ಲ ಮುಂದಿಟ್ಟುಕೊಂಡರೆ ಸಿನ್ಸಿನಾಟಿಯಲ್ಲಿ ನಡೆದದ್ದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ ಕಾಣುತ್ತದೆ. ಕಸಿ ಬೇಡವೆಂದು ಗಾಯವನ್ನು ತೆರೆದಿಟ್ಟದ್ದೇ ಆ ಬೆರಳಿಗೆ ಸಿಕ್ಕ ದೊಡ್ಡ ಚಿಕಿತ್ಸೆಯಾಗಿದ್ದಿರಬಹುದು. ನಮ್ಮ ಮನೆಗಳಲ್ಲಿ ಕೊಯ್ದ ಬೆರಳಿಗೆ ಕಾಫಿ ಪುಡಿಯನ್ನೋ ಅರಿಶಿನವನ್ನೋ ಒತ್ತುತ್ತಾರೆ. ಗಾಯ ಮಾಯ್ದ ಮೇಲೆ ಅದರ ಕೀರ್ತಿ ಪುಡಿಗೇ ಸಲ್ಲುತ್ತದೆ. ಅಮೆರಿಕದಲ್ಲಿಯೂ ಅದಕ್ಕಿಂತ ಬೇರೆ ತರ್ಕ ಕೆಲಸ ಮಾಡಿರಲಿಲ್ಲ.

ಪುಡಿಯ ಪಾಲು

ಹಾಗೆಂದು ಆ ಪುಡಿಯನ್ನು ಬೂದಿಯೆಂದು ತಳ್ಳಿಹಾಕುವುದು ಅನ್ಯಾಯ. ಅದರ ಹಿಂದೆ ನಿಜವಾದ ವಿಜ್ಞಾನವಿದೆ. ಪ್ರತಿಯೊಂದು ಅಂಗದಲ್ಲಿಯೂ ಜೀವಕೋಶಗಳನ್ನು ಹಿಡಿದು ನಿಲ್ಲಿಸುವ, ಕೊಲಾಜೆನ್ ಮುಂತಾದ ಪ್ರೋಟೀನುಗಳಿಂದಾದ ಒಂದು ಹಂದರವಿರುತ್ತದೆ. ಕೋಶಗಳನ್ನೆಲ್ಲ ತೊಳೆದು ತೆಗೆದು ಹಂದರವನ್ನಷ್ಟೇ ಉಳಿಸಿದರೆ, ಅದು ಹಂದಿಯದಾದರೂ ಮನುಷ್ಯನ ದೇಹ ಅದನ್ನು ತೀವ್ರವಾಗಿ ತಿರಸ್ಕರಿಸುವುದಿಲ್ಲ. 1980ರ ದಶಕದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀಫನ್ ಬಡಿಲಾಕ್, ನಾಯಿಯ ಮಹಾಪಧಮನಿಯ ಜಾಗದಲ್ಲಿ ಕರುಳಿನ ಪದರವನ್ನು ಕೂರಿಸಿದಾಗ ಅದು ಕಾಲಕ್ರಮದಲ್ಲಿ ಕರುಳಿನ ಲಕ್ಷಣ ಕಳೆದುಕೊಂಡು ರಕ್ತನಾಳದಂತೆ ಮಾರ್ಪಟ್ಟದ್ದನ್ನು ಕಂಡರು. ಮುಂದೆ ಪಿಟ್ಸ್‌ಬರ್ಗ್‌ಗೆ ಬಂದ ಅವರ ತಂಡ, ಈ ಹಂದರ ದೇಹದೊಳಗೆ ಕರಗುವಾಗ ಬಿಡುಗಡೆಯಾಗುವ ತುಣುಕುಗಳು ಸುತ್ತಲಿನ ಆಕರ ಕೋಶಗಳನ್ನು, ಅಂದರೆ ಬೇರೆ ಕೋಶಗಳನ್ನು ಹುಟ್ಟಿಸಬಲ್ಲ ಮೂಲ ಕೋಶಗಳನ್ನು, ಗಾಯದತ್ತ ಸೆಳೆಯುತ್ತವೆ, ಉರಿಯೂತದ ಸ್ವರೂಪವನ್ನು ಬದಲಾಯಿಸುತ್ತವೆ ಎಂದು ತೋರಿಸಿತು. ಹರ್ನಿಯಾ ದುರಸ್ತಿಗೆ, ಹಟಮಾರಿ ಹುಣ್ಣುಗಳಿಗೆ ಇಂಥ ಹಂದರಗಳು ಬಳಕೆಯಲ್ಲಿವೆ. ಗಾಯದಲ್ಲಿ ಸ್ನಾಯು ಕಳೆದುಕೊಂಡ 13 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಲವರ ಸ್ನಾಯುಬಲ ಸುಧಾರಿಸಿತು.

ಆದರೆ ಇದೇ ತಂಡ 2010ರಲ್ಲಿ ಇಲಿಗಳ ಬೆರಳನ್ನು ನಡುಗೆಣ್ಣಿನಲ್ಲಿ, ಅಂದರೆ ತಾನಾಗಿ ಬೆಳೆಯದ ಜಾಗದಲ್ಲಿ ಕತ್ತರಿಸಿ ಹಂದರದ ಸಾರವನ್ನು ಚುಚ್ಚಿದಾಗ ಕಂಡದ್ದು, ಬಹುವಿಧ ಕೋಶಗಳಾಗಬಲ್ಲ ಕೋಶಗಳ ಗುಂಪೊಂದು ಅಲ್ಲಿ ಬಂದು ಸೇರಿದ್ದನ್ನು. ಬೆರಳು ಬೆಳೆಯಲಿಲ್ಲ. ಕೆಲಸಗಾರರನ್ನು ಕರೆತರುವುದು ಬೇರೆ, ಅವರ ಕೈಗೆ ನಕ್ಷೆ ಕೊಡುವುದು ಬೇರೆ. ಪುಡಿಗೆ ಕರೆಯುವ ಶಕ್ತಿ ಇದೆ; ಇಲ್ಲಿ ಮೂಳೆ, ಅಲ್ಲಿ ಕೀಲು, ಅದರಾಚೆ ಉಗುರು ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಉಗುರಿನ ಗಡಿ

ನಕ್ಷೆ ಯಾರ ಬಳಿ ಇದೆ? ಈ ಪ್ರಶ್ನೆಗೆ ಉತ್ತರದ ಒಂದು ತುಣುಕು ಸಿಕ್ಕಿರುವುದು ಉಗುರಿನಲ್ಲಿ, ಮತ್ತು ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ಮೌಲ್ಯ ಇರುವುದು ಇಲ್ಲಿ. ಪುಡಿಯ ಗದ್ದಲದಲ್ಲಿ ಯಾರೂ ಗಮನಿಸದೆ ಹೋದದ್ದು, ಮನುಷ್ಯನ ಬೆರಳತುದಿ ಯಾವ ಔಷಧವೂ ಇಲ್ಲದೆ ಒಂದಿಷ್ಟು ಮರುಬೆಳವಣಿಗೆ ಮಾಡಬಲ್ಲದು ಎಂಬ ಸಂಗತಿಯನ್ನು.

1982ರಲ್ಲಿ ರಿಚರ್ಡ್ ಬೋರ್ಗೆನ್ಸ್, ಇಲಿಗಳೂ ತಮ್ಮ ಮುಂಗಾಲಿನ ಬೆರಳತುದಿಯನ್ನು ಮರಳಿ ಬೆಳೆಸುತ್ತವೆ ಎಂದು ಪ್ರಕಟಿಸಿದ ಮೇಲೆ ಪ್ರಯೋಗಾಲಯದಲ್ಲಿ ಈ ವಿದ್ಯಮಾನವನ್ನು ಬಿಡಿಸಿ ನೋಡಲು ಸಾಧ್ಯವಾಯಿತು. ಇಲಿಯ ಬೆರಳನ್ನು ಉಗುರಿನ ಬುಡದಿಂದ ಆಚೆಗೆ, ಅಂದರೆ ತುದಿಯ ಕಡೆಗೆ, ಕತ್ತರಿಸಿದರೆ ಸುಮಾರು ಒಂದು ತಿಂಗಳಲ್ಲಿ ಮೂಳೆಯೂ ಸೇರಿದಂತೆ ತುದಿ ಮರಳುತ್ತದೆ; ಉಗುರಿನ ಬುಡದಿಂದ ಈಚೆಗೆ ಕತ್ತರಿಸಿದರೆ ಬರೀ ಕಲೆ ಕಟ್ಟಿದ ಮೋಟು ಉಳಿಯುತ್ತದೆ. ಆ ತಿಂಗಳಿನೊಳಗೆ ನಡೆಯುವ ಕ್ರಮವೂ ವಿಚಿತ್ರ. ಮೊದಲು ಮೂಳೆಯನ್ನು ಕರಗಿಸುವ ಕೋಶಗಳು ಬಂದು ಉಳಿದ ಮೂಳೆಯ ಒಂದು ಪಾಲನ್ನು ತಿಂದುಹಾಕುತ್ತವೆ, ಬೆರಳು ಇನ್ನಷ್ಟು ಮೋಟಾಗುತ್ತದೆ. ಆಮೇಲೆ ಚರ್ಮ ಗಾಯದ ಮೇಲೆ ಮುಚ್ಚಿಕೊಳ್ಳುತ್ತದೆ. ಅದರಡಿ ಬ್ಲಾಸ್ಟಿಮಾ ಎಂದು ಕರೆಯುವ ಕೋಶಗಳ ಮೊಗ್ಗು ಕಟ್ಟುತ್ತದೆ. ಅದರಿಂದ ಹೊಸ ಮೂಳೆ ಮೂಡುತ್ತದೆ. 2011ರಲ್ಲಿ ಎರಡು ಬೇರೆ ಬೇರೆ ತಂಡಗಳು ಈ ಮೊಗ್ಗಿನ ಕೋಶಗಳ ವಂಶಾವಳಿಯನ್ನು ಹಿಂಬಾಲಿಸಿ, ಮೂಳೆಯ ಕೋಶದಿಂದ ಮೂಳೆ, ಚರ್ಮದ ಕೋಶದಿಂದ ಚರ್ಮ ಹುಟ್ಟುತ್ತದೆಯೇ ಹೊರತು ಯಾವುದರಿಂದಲೂ ಏನು ಬೇಕಾದರೂ ಹುಟ್ಟುವ ಮಾಂತ್ರಿಕ ಕೋಶ ಅಲ್ಲಿಲ್ಲ ಎಂದು ತೋರಿಸಿದವು. ಮೆಕ್ಸಿಕೋದ ಸಲಮಾಂಡರ್ ಆದ ಆಕ್ಸೊಲಾಟಲ್‌ನ ಕಾಲಿನಲ್ಲಿಯೂ ಕೋಶಗಳು ತಮ್ಮ ಹುಟ್ಟಿನ ನೆನಪನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತವೆ ಎಂದು 2009ರಲ್ಲಿ ಗೊತ್ತಾಗಿತ್ತು.

ಉಗುರಿನ ಗಡಿ ಏಕೆ ಅಷ್ಟು ಕಟ್ಟುನಿಟ್ಟು ಎಂಬುದನ್ನು 2013ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಯೂಮಿ ಇಟೋ ಅವರ ತಂಡ ವಿವರಿಸಿತು. ಉಗುರಿನ ಬುಡದಲ್ಲಿ ಉಗುರನ್ನು ಜೀವನಪೂರ್ತಿ ಬೆಳೆಸುವ ಆಕರ ಕೋಶಗಳಿವೆ. ಅವುಗಳಿಂದ ಹುಟ್ಟಿದ ಕೋಶಗಳಲ್ಲಿ ವಿಂಟ್ ಎಂಬ ಸಂಕೇತ ವ್ಯವಸ್ಥೆ ಚಾಲನೆಗೊಂಡಾಗ ಅದು ಗಾಯದತ್ತ ನರಗಳನ್ನು ಸೆಳೆಯುತ್ತದೆ, ಆ ಮೂಲಕ ಬ್ಲಾಸ್ಟಿಮಾದ ಬೆಳವಣಿಗೆಯನ್ನು ಎಬ್ಬಿಸುತ್ತದೆ. ಆ ಸಂಕೇತವನ್ನು ತಡೆದರೆ ಉಗುರೂ ಇಲ್ಲ, ಬೆರಳೂ ಇಲ್ಲ. ಅದನ್ನು ಕೃತಕವಾಗಿ ಹೆಚ್ಚಿಸಿದಾಗ, ಸಾಮಾನ್ಯವಾಗಿ ಬೆಳೆಯದಷ್ಟು ಈಚೆಗೆ ಕತ್ತರಿಸಿದ ಬೆರಳೂ ಬೆಳೆಯಿತು. ಉಗುರನ್ನು ನಾವು ಅಲಂಕಾರಕ್ಕೂ ಕೆರೆದುಕೊಳ್ಳುವುದಕ್ಕೂ ಇರುವ ಗಟ್ಟಿ ಹಾಳೆಯೆಂದು ತಿಳಿದಿದ್ದರೆ, ಅದರ ಬುಡದಲ್ಲಿ ಬೆರಳತುದಿಯ ಪಾರುಪತ್ಯವೇ ನಡೆಯುತ್ತಿದೆ. ಸಿನ್ಸಿನಾಟಿಯ ಬೆರಳಿನಲ್ಲಿ ಉಗುರು ಮತ್ತೆ ಬಂತೆಂದರೆ ಉಗುರಿನ ಬುಡ ಗಾಯದಿಂದ ಪಾರಾಗಿತ್ತು ಎಂದೇ ಅರ್ಥ. ಅಂದರೆ ಕತ್ತರಿಸಿದ ಗೆರೆ ಗಡಿಯ ಸುರಕ್ಷಿತ ಬದಿಯಲ್ಲಿಯೇ ಇತ್ತು.

ಗಡಿ ದಾಟಿದ ಮೇಲೆ

ಗಡಿಯ ಈಚೆ, ಗೆಣ್ಣಿನಲ್ಲಿ ಅಥವಾ ಮುಂಗೈಯಲ್ಲಿ ಕತ್ತರಿಸಿದರೆ ಸ್ತನಿಗಳ ದೇಹ ಕಲೆಗಟ್ಟಿ ಮುಚ್ಚಿಕೊಳ್ಳುವ ದಾರಿಯನ್ನೇ ಹಿಡಿಯುತ್ತದೆ. ಬದುಕುಳಿಯುವ ದೃಷ್ಟಿಯಿಂದ ಅದು ಜಾಣ ದಾರಿ: ರಕ್ತ ನಿಲ್ಲಬೇಕು, ಸೋಂಕು ತಡೆಯಬೇಕು, ಬೇಗ ಓಡಾಡುವಂತಾಗಬೇಕು. ಸಲಮಾಂಡರ್ ಕಾಲು ಮರಳಿ ಬೆಳೆಸುತ್ತದೆ ಎಂಬುದನ್ನು ಇಟಲಿಯ ಸ್ಪಲ್ಲಾಂಜಾನಿ 1768ರಲ್ಲಿಯೇ ಬರೆದಿದ್ದರೂ, ಅದು ಕಲೆಯಿಲ್ಲದೆ ಹೇಗೆ ಮಾಯುತ್ತದೆ ಎಂಬುದರ ಸುಳಿವುಗಳು ಸಿಕ್ಕಿರುವುದು ಇತ್ತೀಚೆಗೆ. ಆಕ್ಸೊಲಾಟಲ್‌ನ ದೇಹದಿಂದ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳನ್ನು ತೆಗೆದುಹಾಕಿದರೆ ಅದಕ್ಕೂ ನಮ್ಮಂತೆಯೇ ಕಲೆ ಕಟ್ಟಿ ಕಾಲು ಬೆಳೆಯುವುದು ನಿಲ್ಲುತ್ತದೆ ಎಂದು 2013ರಲ್ಲಿ ಗಾಡ್ವಿನ್ ಮತ್ತು ಸಂಗಡಿಗರು ಕಂಡರು. ನಮ್ಮ ಗೋಡೆಯ ಹಲ್ಲಿಯ ಉದಾಹರಣೆ ಎಲ್ಲರ ಬಾಯಲ್ಲಿಯೂ ಇದೆ, ಆದರೆ ಅದರ ಹೊಸ ಬಾಲದೊಳಗೆ ಮೊದಲಿನಂಥ ಬೆನ್ನುಮೂಳೆಯ ಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಕೊಳವೆಯೊಂದಿರುತ್ತದೆ.

ಸ್ತನಿಗಳಲ್ಲಿ ಗಡಿ ದಾಟುವ ಪ್ರಯತ್ನವನ್ನು ಪಟ್ಟುಹಿಡಿದು ಮಾಡಿಕೊಂಡು ಬಂದವರಲ್ಲಿ ಟುಲೇನ್‌ನಲ್ಲಿದ್ದು ಬಳಿಕ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯಕ್ಕೆ ಹೋದ ಕೆನ್ ಮುನಿಯೋಕಾ ಮುಖ್ಯರು. ಅವರ ತಂಡ ಇಲಿಯ ಬೆರಳನ್ನು ಬೆಳೆಯದ ಜಾಗದಲ್ಲಿ ಕತ್ತರಿಸಿ, ಭ್ರೂಣದಲ್ಲಿ ಮೂಳೆ ಕಟ್ಟಲು ನೆರವಾಗುವ ಬಿಎಂಪಿ-2 ಎಂಬ ಪ್ರೋಟೀನನ್ನು ಇಟ್ಟಾಗ ಮೂಳೆ ಉದ್ದವಾಯಿತು. ಬಿಎಂಪಿ-9 ಎಂಬ ಮತ್ತೊಂದನ್ನು ಬಳಸಿದಾಗ ಕೀಲಿನಂಥ ರಚನೆ ಮೂಡಿತು ಎಂದು 2019ರಲ್ಲಿ ವರದಿ ಮಾಡಿತು. ಮೋಟಿನಲ್ಲಿರುವ ಕೋಶಗಳಿಗೆ ಕಟ್ಟುವ ಶಕ್ತಿ ಇಲ್ಲದಿಲ್ಲ, ಸರಿಯಾದ ಆದೇಶ ಸರಿಯಾದ ಹೊತ್ತಿಗೆ ತಲಪುತ್ತಿಲ್ಲ ಎಂಬ ಅವರ ವಾದಕ್ಕೆ ಇದು ಬಲ ಕೊಡುತ್ತದೆ. 2022ರಲ್ಲಿ ಮೈಕೆಲ್ ಲೆವಿನ್ ಮತ್ತು ಸಂಗಡಿಗರು ಕಾಲು ಕಳೆದುಕೊಂಡ ವಯಸ್ಕ ಕಪ್ಪೆಗಳ ಗಾಯಕ್ಕೆ ಐದು ಔಷಧಗಳಿದ್ದ ಪುಟ್ಟ ಟೊಪ್ಪಿಯನ್ನು 24 ಗಂಟೆ ಮಾತ್ರ ತೊಡಿಸಿ, 18 ತಿಂಗಳ ನಂತರ ಬಹುಮಟ್ಟಿಗೆ ಉಪಯೋಗಕ್ಕೆ ಬರುವ ಕಾಲು ಬೆಳೆದದ್ದನ್ನು ತೋರಿಸಿದರು. ಹೊಸ ಕಾಲಿನ ಬೆರಳುಗಳು ಪೂರ್ಣವಾಗಿರಲಿಲ್ಲ.

ಮನುಷ್ಯನ ತೋಳಿಗೆ ಬಂದಾಗ ಇವೆಲ್ಲದರ ಜೊತೆಗೆ ಗಾತ್ರದ ತೊಡಕೂ ಸೇರಿಕೊಳ್ಳುತ್ತದೆ. ಆಕ್ಸೊಲಾಟಲ್‌ನ ಬ್ಲಾಸ್ಟಿಮಾ ಕೆಲವೇ ಮಿಲಿಮೀಟರಿನದು. ನಮ್ಮ ತೋಳಿನ ಮೋಟಿನ ಅಗಲಕ್ಕೆ ಅಂಥ ಮೊಗ್ಗು ಕಟ್ಟಿದರೂ ಅದಕ್ಕೆ ರಕ್ತ ಒದಗಬೇಕು, ನರಗಳು ಭುಜದಿಂದ ಹೊಸ ಬೆರಳಿನವರೆಗೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆದು ಬರಬೇಕು, ಹುಟ್ಟಿದ ಪುಟ್ಟ ಕೈ ವಯಸ್ಕನ ಕೈಯಾಗಲು ವರ್ಷಗಳೇ ಹಿಡಿಯಬೇಕು. ಅಷ್ಟೂ ಕಾಲ ವೇಗವಾಗಿ ವಿಭಜಿಸುವ ಕೋಶಗಳು ದಾರಿ ತಪ್ಪಿ ಗೆಡ್ಡೆಯಾಗದಂತೆ ನೋಡಿಕೊಳ್ಳಬೇಕು. ಅಸಾಧ್ಯವೆಂದು ಬರೆಯಲು ನನಗೆ ಆಧಾರವಿಲ್ಲ. ಒಂದು ಪುಡಿಯಿಂದ ಆಗುವ ಕೆಲಸವಲ್ಲ ಎಂದು ಬರೆಯಲು ಸಾಕಷ್ಟಿದೆ. ಇಂದು ಕೈ ಕಳೆದುಕೊಂಡವರಿಗೆ ಇರುವುದು ತುಂಡನ್ನು ಮರಳಿ ಜೋಡಿಸುವ ಶಸ್ತ್ರಚಿಕಿತ್ಸೆ, ಕೃತಕ ಅಂಗ, ಮತ್ತು ಕೆಲವೇ ಮಂದಿಗೆ 2015ರಿಂದ ಕೊಚ್ಚಿಯಲ್ಲಿ ನಡೆಯುತ್ತಿರುವಂಥ ಕೈ ಕಸಿ. ಕಸಿಯಾದವರು ಜೀವನಪರ್ಯಂತ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗಬೇಕು.

ಬೆರಳತುದಿಯ ಮಟ್ಟಿಗೆ ಮಾತ್ರ ಈ ಪ್ರಕರಣದಿಂದ ನೇರ ಪ್ರಯೋಜನವಿದೆ. ಬಾಗಿಲು, ಮೇವು ಕತ್ತರಿಸುವ ಯಂತ್ರ, ಬೈಕಿನ ಚೈನು ಇವುಗಳಿಗೆ ಸಿಕ್ಕಿ ತುದಿ ಹೋದಾಗ ಮೊದಲು ಶುದ್ಧ ನೀರಿನಲ್ಲಿ ತೊಳೆದು, ಒತ್ತಿ ಕಟ್ಟಿ, ಕೈ ಎತ್ತಿ ಹಿಡಿದು ಆಸ್ಪತ್ರೆಗೆ ಹೋಗಬೇಕು. ಯಾವ ಪುಡಿಯನ್ನೂ ಮೆತ್ತಬಾರದು. ತುಂಡು ಸಿಕ್ಕರೆ ಒದ್ದೆ ಮಾಡಿದ ಶುಚಿಯಾದ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಮಂಜುಗಡ್ಡೆ ನೀರಿನಲ್ಲಿಟ್ಟು ಒಯ್ಯಬೇಕು, ತುಂಡನ್ನು ನೇರವಾಗಿ ಮಂಜುಗಡ್ಡೆಯ ಮೇಲಿಡಬಾರದು. ಎಕ್ಸ್-ರೇ ನೋಡಿದ ವೈದ್ಯರು ಉಗುರಿನ ಬುಡ ಉಳಿದಿದೆ, ಮೂಳೆ ಹೊರಚಾಚಿಲ್ಲ, ಹೊಲಿಗೆ ಬೇಡ, ಪಟ್ಟಿ ಕಟ್ಟಿ ಕಾಯೋಣ ಎಂದರೆ ಅದು ಉದಾಸೀನವಲ್ಲ. ಧನುರ್ವಾಯುವಿನ ಚುಚ್ಚುಮದ್ದನ್ನು ಅವರೇ ನೆನಪಿಸದಿದ್ದರೆ ನಾವೇ ಕೇಳಿ ಹಾಕಿಸಿಕೊಳ್ಳಬೇಕು.